ಸಾಕ್ಷಿಯಲ್ಲಿ ಕರ್ತನಿಗೆ ಎಷ್ಟು ಜಾಗ?

ಕ್ರಿಸ್ತನಲ್ಲಿ ಪ್ರಿಯರಾದ ಸಹೋದರ ಸಹೋದರಿಯರೇ, ನಮ್ಮ ಸಭೆಗಳಲ್ಲಿ ಸಾಕ್ಷಿ ಹೇಳುವ, ಅಂದರೆ ಕರ್ತನಾದ ದೇವರು ತಮ್ಮ ಬಾಳಿನಲ್ಲಿ ಮಾಡಿದ್ದನ್ನು ಎಲ್ಲರ ಮುಂದೆ ಹೇಳಿಕೊಳ್ಳುವ ರೀತಿಯ ಬಗ್ಗೆ ಬಹಳ ದಿನಗಳಿಂದ ಮನಸ್ಸಿನಲ್ಲಿದ್ದ ಮಾತನ್ನು ಇಂದು ಬರೆಯುತ್ತಿದ್ದೇನೆ.

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದ ಮೇಲಿನ ಭಾನುವಾರಗಳನ್ನು ನೆನಪಿಸಿಕೊಳ್ಳಿ. ಒಬ್ಬೊಬ್ಬರೇ ಎದ್ದು "ದೇವರಿಗೆ ಸ್ತೋತ್ರ" ಎಂದು ಆರಂಭಿಸುತ್ತಾರೆ. ಆಮೇಲೆ ಬೆಳಗಿನ ಜಾವ ಎದ್ದು ಮೊಣಕಾಲೂರಿದ್ದು, 21 ದಿನ ಉಪವಾಸ ಮಾಡಿದ್ದು, ನೆಂಟರಿಷ್ಟರೆಲ್ಲ ಕೈಬಿಟ್ಟರೂ ತಾವು ವಿಶ್ವಾಸದಲ್ಲಿ ಅಲುಗದೆ ನಿಂತದ್ದು ಒಂದೊಂದಾಗಿ ಬರುತ್ತವೆ. ಕೊನೆಗೆ "ದೇವರಿಗೆ ಮಹಿಮೆಯಾಗಲಿ" ಎಂದು ಕುಳಿತುಕೊಳ್ಳುತ್ತಾರೆ. ಅವರ ಕಣ್ಣೀರು ನಿಜ, ಸಂತೋಷವೂ ನಿಜ. ಆದರೆ ಮೊದಲ ಮಾತು ಮತ್ತು ಕೊನೆಯ ಮಾತು ಮಾತ್ರ ಕರ್ತನ ಪಾಲಿಗೆ ಬಂದು, ನಡುವಿನದೆಲ್ಲ ನಮ್ಮದೇ ಆಗಿಬಿಟ್ಟರೆ ಕೇಳಿದವರ ಮನಸ್ಸಿನಲ್ಲಿ ಉಳಿಯುವುದು ಯಾರ ಹೆಸರು?

ಹಣದ ಜಂಬ, ಹುದ್ದೆಯ ಜಂಬ ಕಣ್ಣಿಗೆ ಬೇಗ ಬೀಳುತ್ತದೆ. ಬೆಂಚಿನ ಮೇಲೂ ಫ್ಯಾನಿನ ರೆಕ್ಕೆಯ ಮೇಲೂ ದಾನಿಗಳ ಹೆಸರು ಬರೆಸುವುದರ ಬಗ್ಗೆ ನಮ್ಮಲ್ಲಿ ಆಗಾಗ ಚರ್ಚೆಯಾಗುತ್ತದೆ. ದೇವಾಲಯಕ್ಕೆಂದು ರಾಶಿ ರಾಶಿ ಬಂಗಾರ ಕೂಡಿಸಿದ ಅರಸ ದಾವೀದನೇ ದೇವರಿಗೆ "ನಿನ್ನ ಕೈಯಿಂದ ಬಂದದ್ದನ್ನೇ ನಿನಗೆ ಕೊಟ್ಟಿದ್ದೇವೆ" ಎಂದು ಪ್ರಾರ್ಥಿಸಿದ ಮೇಲೆ ಆ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಗುರುತು ಹಿಡಿಯುವುದು ಕಷ್ಟವಾಗುವುದು ಭಕ್ತಿಯ ಜಂಬವನ್ನು.

ಗಿದ್ಯೋನನ ಕಥೆಯನ್ನು ಭಾನುವಾರದ ಶಾಲೆಯಿಂದಲೂ ಕೇಳಿದ್ದೇವೆ. ಇಸ್ರಾಯೇಲ್ಯರನ್ನು ಪೀಡಿಸುತ್ತಿದ್ದ ಮಿದ್ಯಾನ್ಯರ ಮೇಲೆ ಯುದ್ಧಕ್ಕೆ ಅವನ ಹಿಂದೆ 32,000 ಜನ ಹೊರಟಿದ್ದರು. ಕರ್ತನು ಮೊದಲು 22,000 ಹೆದರುವವರನ್ನು ಮನೆಗೆ ಕಳುಹಿಸಿದನು. ಆಮೇಲೆ ನೀರಿನ ಬಳಿ ಪರೀಕ್ಷಿಸಿ 300 ಮಂದಿಯನ್ನಷ್ಟೇ ಉಳಿಸಿದನು. ಕಾರಣವನ್ನೂ ಅವನೇ ಹೇಳಿದ್ದಾನೆ: ನಮ್ಮ ಕೈಯೇ ನಮ್ಮನ್ನು ರಕ್ಷಿಸಿತು ಎಂದು ಇಸ್ರಾಯೇಲ್ಯರು ಕೊಚ್ಚಿಕೊಳ್ಳಬಾರದು. ಇಷ್ಟು ಸ್ಪಷ್ಟವಾಗಿ ಕೇಳಿಸಿಕೊಂಡ ಗಿದ್ಯೋನನು ಆ ರಾತ್ರಿ ತನ್ನ ಜನರಿಗೆ ಯಾವ ಕೂಗನ್ನು ಕಲಿಸಿದನು? ಕರ್ತನಿಗಾಗಿ, ಗಿದ್ಯೋನನಿಗಾಗಿ! ಬೈಬಲಿನ ನ್ಯಾಯಸ್ಥಾಪಕರು ಪುಸ್ತಕದ 7ನೆಯ ಅಧ್ಯಾಯವನ್ನು ಮತ್ತೆ ತೆರೆದು ನೋಡಿ. ಸೈನ್ಯ ಕಿರಿದಾದರೂ ಆ ಕೂಗಿನಲ್ಲಿ ಅವನ ಹೆಸರಿಗೆ ಜಾಗ ಸಿಕ್ಕಿತು. ಮುಂದೆ ಜನರು ನಮ್ಮನ್ನು ಆಳು ಎಂದಾಗ ಅವನು ಒಪ್ಪಲಿಲ್ಲ, ಕರ್ತನೇ ನಿಮ್ಮನ್ನು ಆಳುವನು ಎಂದನು. ಎಂಥ ಒಳ್ಳೆಯ ಉತ್ತರ! ಆದರೆ ಅದರ ಬೆನ್ನಲ್ಲೇ ಕೊಳ್ಳೆಯ ಕಿವಿಯೋಲೆಗಳನ್ನು ಕೇಳಿ ಪಡೆದು, 1,700 ಶೆಕೆಲ್ ತೂಕದ ಬಂಗಾರದಿಂದ ಏಫೋದನ್ನು (ಯಾಜಕರು ತೊಡುವಂಥ ಉಡುಪನ್ನು) ಮಾಡಿಸಿ ತನ್ನೂರು ಒಫ್ರದಲ್ಲಿ ಇಟ್ಟನು. ಇಸ್ರಾಯೇಲ್ಯರು ಅದಕ್ಕೇ ಮೊರೆಹೋಗಿ ದಾರಿ ತಪ್ಪಿದರು. ಅವನ ಮನೆಯವರಿಗೂ ಅದೇ ಉರುಲಾಯಿತು. ಬಾಯಿ ದೇವರಿಗೆ ಮಹಿಮೆ ಸಲ್ಲಿಸುತ್ತಿರುವಾಗಲೇ ಕೈ ತನಗೊಂದು ಸ್ಮಾರಕ ಕಟ್ಟಿಕೊಳ್ಳಬಲ್ಲದು ಎಂಬುದು ನನ್ನನ್ನು ಹೆದರಿಸುತ್ತದೆ.

ಯೇಸುವಿನ ಶಿಷ್ಯ ಪೇತ್ರನನ್ನು ನೋಡಿ. ಯೆರೂಸಲೇಮ್ ದೇವಾಲಯದ ಸುಂದರ ದ್ವಾರದ ಬಳಿ ಭಿಕ್ಷೆಗೆ ಕುಳಿತಿದ್ದವನು ಹುಟ್ಟುಕುಂಟ, ವಯಸ್ಸು ನಲವತ್ತು ದಾಟಿತ್ತು. ಪೇತ್ರನು ಯೇಸುವಿನ ಹೆಸರಿನಲ್ಲಿ ಎಬ್ಬಿಸಿದ ಮೇಲೆ ಅವನು ಎದ್ದು ಕುಣಿಯುತ್ತಾ ಪೇತ್ರನನ್ನೂ ಜೊತೆಗಿದ್ದ ಯೋಹಾನನನ್ನೂ ಹಿಡಿದುಕೊಂಡಾಗ ಜನ ಬೆರಗಾಗಿ ಮುತ್ತಿಕೊಂಡರು. ನಮ್ಮ ಸ್ವಂತ ಶಕ್ತಿಯಿಂದಾಗಲಿ ಭಕ್ತಿಯಿಂದಾಗಲಿ ಇವನು ನಡೆದಾಡುವಂತೆ ಮಾಡಿದೆವು ಎಂಬಂತೆ ನಮ್ಮನ್ನೇಕೆ ದಿಟ್ಟಿಸುತ್ತೀರಿ ಎಂದು ಪೇತ್ರನು ಕೇಳಿದನು. ಶಕ್ತಿ ನಮ್ಮದಲ್ಲ ಎಂದು ನಾವೂ ಹೇಳುತ್ತೇವೆ. ಭಕ್ತಿಯೂ ಕಾರಣವಲ್ಲ ಎಂದು ಹೇಳುವ ಧೈರ್ಯ ನಮಗಿದೆಯೇ?

ಇದು ಬರೀ ಮಾತಿನ ಮರ್ಯಾದೆಯ ಪ್ರಶ್ನೆಯಲ್ಲ. "ನನ್ನ ಉಪವಾಸಕ್ಕೆ ಕರ್ತನು ಉತ್ತರ ಕೊಟ್ಟನು" ಎಂದು ನಾವು ಹೇಳುವಾಗ ಅದೇ ಸಾಲಿನಲ್ಲಿ ಗಂಡನನ್ನು ಕ್ಯಾನ್ಸರಿಗೆ ಕಳೆದುಕೊಂಡ ಸಹೋದರಿಯೊಬ್ಬರು ಕುಳಿತಿರುತ್ತಾರೆ. ಅವರೂ ಉಪವಾಸ ಮಾಡಿದ್ದರು, ರಾತ್ರಿಯಿಡೀ ಅತ್ತಿದ್ದರು. ಹಾಗಾದರೆ ನನ್ನ ಪ್ರಾರ್ಥನೆಯಲ್ಲೇ ಏನೋ ಕೊರತೆಯಿತ್ತು ಎಂದು ಅವರು ಮನೆಗೆ ಹೋಗಿ ಕೊರಗುತ್ತಾರೆ. ಕೃಪೆಯಿಂದ ಬಂದದ್ದನ್ನು ನಮ್ಮ ಸಂಪಾದನೆಯಂತೆ ಹೇಳಿದಾಗ ಗಾಯಗೊಂಡವರ ಮೇಲೆ ಮತ್ತೊಂದು ಹೊರೆ ಹೇರುತ್ತೇವೆ. ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಹಾಗೆಂದು "ಡಾಕ್ಟರು ಏನೂ ಮಾಡಲಿಲ್ಲ, ಎಲ್ಲ ದೇವರೇ" ಎನ್ನುವುದೂ ನನಗೆ ಒಪ್ಪಿಗೆಯಿಲ್ಲ. ನೆಟ್ಟವನೂ ನೀರು ಹೊಯ್ದವನೂ ಏನೂ ಅಲ್ಲ, ಬೆಳೆಸುವ ದೇವರೇ ಎಲ್ಲ ಎಂದು ಬರೆದ ಅಪೊಸ್ತಲ ಪೌಲನೇ ರೋಮಾಪುರದವರಿಗೆ ಬರೆದ ಪತ್ರದ ಕೊನೆಯಲ್ಲಿ ಸಭೆಯ ಸೇವಕಿ ಫೊಯಿಬೆಯನ್ನು, ತನಗಾಗಿ ಪ್ರಾಣವನ್ನೇ ಅಪಾಯಕ್ಕೊಡ್ಡಿದ ಪ್ರಿಸ್ಕ ಅಕ್ವಿಲರನ್ನು ಹೆಸರು ಹಿಡಿದು ನೆನೆಯುತ್ತಾನೆ. ಒಂದು ಪ್ರಾರ್ಥನಾ ಕೂಟದಲ್ಲಿ ವಯಸ್ಸಾದ ತಾಯಿಯೊಬ್ಬರು ಸೊಂಟದ ಆಪರೇಷನ್ ಆದ ಮೇಲೆ ಕೋಲೂರಿಕೊಂಡು ನಿಂತು ಸಾಕ್ಷಿ ಹೇಳಿದ್ದರು. ಕರ್ತನು ನನ್ನನ್ನು ಎಬ್ಬಿಸಿದನು ಎಂದರು. ನಡುರಾತ್ರಿ ಮುಖ ಸಿಂಡರಿಸದೆ ಹಾಸಿಗೆಯ ಬಟ್ಟೆ ಬದಲಾಯಿಸಿದ ವಾರ್ಡಿನ ಆಯಾಳನ್ನೂ ದಿನಾ ಗಂಜಿ ತಂದುಕೊಟ್ಟ ಪಕ್ಕದ ಮನೆಯ ಹುಡುಗಿಯನ್ನೂ ಕರ್ತನೇ ಕಳುಹಿಸಿದ್ದು ಎಂದರು. ನನ್ನ ಪಕ್ಕದ ಮಂಚದವಳು ಇನ್ನೂ ಎದ್ದಿಲ್ಲ, ಅವಳಿಗಾಗಿ ಪ್ರಾರ್ಥಿಸಿ ಎಂದು ಕುಳಿತರು. ತಾವು ಎಷ್ಟು ಪ್ರಾರ್ಥಿಸಿದೆ ಎಂಬ ಒಂದು ಮಾತೂ ಅದರಲ್ಲಿರಲಿಲ್ಲ.

ಸಾಕ್ಷಿಯ ಸಮಯವನ್ನು ನಡೆಸುವ ಹಿರಿಯರಲ್ಲೂ ಸಭಾಪಾಲಕರಲ್ಲೂ ನನ್ನದೊಂದು ವಿನಂತಿ. ಕೇಳಿದ್ದು ಸಿಕ್ಕಿದವರನ್ನು ಮಾತ್ರ ಮುಂದಕ್ಕೆ ಕರೆಯಬೇಡಿ. ಕಾಯಿಲೆ ಇನ್ನೂ ವಾಸಿಯಾಗದವರನ್ನು, ಕೆಲಸಕ್ಕಾಗಿ ಇನ್ನೂ ಅಲೆಯುತ್ತಿರುವವರನ್ನು, ಅವರಿಗೆ ಮನಸ್ಸಿದ್ದರೆ, ಕರೆಯಿರಿ. ಹೇಳಿಕೊಳ್ಳಲು ಗೆಲುವಿಲ್ಲದ ಅವರು ಕರ್ತನ ಬಗ್ಗೆ ಏನು ಹೇಳುತ್ತಾರೆ ಎಂಬುದನ್ನು ನಮ್ಮ ಸಭೆಗಳು ಕೇಳಬೇಕಾಗಿದೆ.