ಒಂದು ಯೂರೋ ನಾಣ್ಯದ ಮೇಲಿನ ಹುಡುಗಿ

ಬಲ್ಗೇರಿಯಾ 2026ರ ಜನವರಿ 1ರಂದು ಯೂರೋ ಬಳಸತೊಡಗಿದಾಗ ಹಳೆಯ ಜಗಳ ಮತ್ತೆ ತಲೆಯೆತ್ತಿತು: ಸ್ವಂತ ನಾಣ್ಯ ಹೋದರೆ ದೇಶದ ಗುರುತು ಉಳಿಯುವುದೇ? ಈ ಪ್ರಶ್ನೆ ಕೇಳುವವರಿಗೆಲ್ಲ ಲಾಟ್ವಿಯಾದ ಒಂದು ಯೂರೋ ನಾಣ್ಯವನ್ನು ತೋರಿಸಬೇಕೆಂದು ನನಗೆ ಆಸೆ. ಅದರಿಂದ ಅವರ ಬಾಯಿ ಮುಚ್ಚುತ್ತದೆ ಎಂದಲ್ಲ. ಅವರು ಸಿಟ್ಟಾಗಬೇಕಾದ ವಿಷಯ ಬೇರೆಯೇ ಇದೆ ಎಂಬುದು ನನ್ನ ತಕರಾರು.

ಆ ನಾಣ್ಯದ ಮೇಲೆ ತಲೆಗೆ ವಸ್ತ್ರ ಸುತ್ತಿಕೊಂಡು, ಜನಪದ ಉಡುಗೆ ತೊಟ್ಟ ಹೆಣ್ಣುಮಗಳ ಪಕ್ಕನೋಟವಿದೆ. ರಾಣಿಯಲ್ಲ, ಸಂತಳಲ್ಲ, ಯುದ್ಧ ಗೆದ್ದವಳೂ ಅಲ್ಲ. ಕಲಾವಿದ ರಿಹಾರ್ಡ್ಸ್ ಜರಿಂಶ್ ಎದುರು ರೂಪದರ್ಶಿಯಾಗಿ ಕುಳಿತವಳು ಜೆಲ್ಮಾ ಬ್ರೌವೆರೆ, ನೋಟು ಮತ್ತು ಸರ್ಕಾರಿ ಪತ್ರಗಳನ್ನು ಅಚ್ಚು ಹಾಕುವ ಮುದ್ರಣಾಲಯದ ಉದ್ಯೋಗಿ. ಈ ಮುಖ ಮೊದಲು ಕಾಣಿಸಿದ್ದು 1929ರ ಐದು ಲಾಟ್ಸ್ ಬೆಳ್ಳಿ ನಾಣ್ಯದಲ್ಲಿ. ಲಾಟ್ಸ್ ಎಂದರೆ ಯೂರೋಗೂ ಮುಂಚೆ ಲಾಟ್ವಿಯಾದಲ್ಲಿದ್ದ ಸ್ವಂತ ಹಣ. ಜನ ಅವಳನ್ನು ಪ್ರೀತಿಯಿಂದ ಮಿಲ್ಡಾ ಎಂದು ಕರೆದರು. ಕಚೇರಿಯಲ್ಲಿ ಸಂಬಳಕ್ಕೆ ದುಡಿಯುವ ಹೆಣ್ಣುಮಗಳ ಮುಖವನ್ನು ದೇಶದ ಮುಖವಾಗಿಸಿದ ಆ ಆಯ್ಕೆ ನನಗೆ ಇಂದಿಗೂ ಬಹಳ ಇಷ್ಟ.

1940ರಲ್ಲಿ ಸೋವಿಯತ್ ಸೇನೆ ಬಂತು. ಮರುವರ್ಷ ಲಾಟ್ಸ್ ರದ್ದಾಗಿ ರೂಬಲ್ ಒಂದೇ ಉಳಿಯಿತು. ಅಂಗಡಿಯಲ್ಲಿ ಕಿಲುಬು ಕಾಸಿಗೂ ಬಾಳದ ಆ ಬೆಳ್ಳಿ ನಾಣ್ಯಗಳನ್ನು ಎಷ್ಟೋ ಮನೆಗಳವರು ಕರಗಿಸಲಿಲ್ಲ, ಮಾರಲೂ ಇಲ್ಲ. ಅಡಗಿಸಿಟ್ಟರು, ಆಭರಣ ಮಾಡಿಸಿಕೊಂಡರು. ನಮ್ಮ ಅಜ್ಜಿಯರ ಕಾಸಿನ ಸರದ ಹಾಗೆ ಎನ್ನಬಹುದು, ಆದರೆ ನಮ್ಮಲ್ಲಿ ಅದು ಸಿರಿಯ ಗುರುತು. ಅಲ್ಲಿ ಮಿಲ್ಡಾಳನ್ನು ಜೋಪಾನ ಮಾಡುವುದೆಂದರೆ ಇಲ್ಲವಾದ ದೇಶವೊಂದನ್ನು ಮನೆಯೊಳಗೆ ಇಟ್ಟುಕೊಂಡಂತೆ. ಚಲಾವಣೆ ಕಳೆದುಕೊಂಡ ಮೇಲೆಯೇ ಆ ನಾಣ್ಯದ ಬೆಲೆ ಏರಿತು.

ಸ್ವಾತಂತ್ರ್ಯ ಮರಳಿ ಬಂದ ಮೇಲೆ 1993ರಲ್ಲಿ ಲಾಟ್ಸ್ ಕೂಡ ಮರಳಿತು. ಒಂದು ಲಾಟ್ಸ್ ನಾಣ್ಯದ ಮೇಲೆ ನೀರಿನಿಂದ ಚಿಮ್ಮುವ ಸಾಲ್ಮನ್ ಮೀನು. ನಡುನಡುವೆ ಇರುವೆ, ಅಣಬೆ, ಮಕ್ಕಳು ಮಾಡುವ ಹಿಮದ ಗೊಂಬೆಯ ಚಿತ್ರಗಳಿದ್ದ ಒಂದು ಲಾಟ್ಸ್ ನಾಣ್ಯಗಳೂ ಚಿಲ್ಲರೆಯಲ್ಲಿ ಓಡಾಡಿದವು. ಇಷ್ಟು ತಮಾಷೆ ಬುದ್ಧಿಯ ಕೇಂದ್ರ ಬ್ಯಾಂಕ್ ಅಪರೂಪ. ನಮ್ಮ ರೂಪಾಯಿ ನಾಣ್ಯದ ಮೇಲೆ ಒಂದು ಅಣಬೆ ಬಂದರೆ ಎಷ್ಟು ಮೊಕದ್ದಮೆ ಬೀಳಬಹುದು ಎಂದು ಒಮ್ಮೊಮ್ಮೆ ಯೋಚಿಸುತ್ತೇನೆ.

2014ರ ಜನವರಿ 1ರಂದು ಯೂರೋ ಬಂತು. ಅದಕ್ಕೂ ಮುಂಚಿನ ಸಮೀಕ್ಷೆಗಳಲ್ಲಿ ಬೇಡ ಎಂದವರೇ ಹೆಚ್ಚು. ಜನಮತಗಣನೆ ನಡೆಯಲಿಲ್ಲ. ಒಂದು ಯೂರೋಗೆ 0.702804 ಲಾಟ್ಸ್ ಎಂಬುದು ವಿನಿಮಯ ದರ. ಎಂದರೆ ಲಾಟ್ಸ್ ಯೂರೋಗಿಂತ ಹೆಚ್ಚು ಬೆಲೆಯ ನಾಣ್ಯ. ನೂರು ಲಾಟ್ಸ್ ಸಂಬಳ ಕಾಗದದ ಮೇಲೆ 142 ಯೂರೋ ಆಯಿತು, ಅಂಗಡಿಯ ಬೆಲೆಚೀಟಿಯೂ ಅಷ್ಟೇ ಹಿಗ್ಗಿತು. ದುಬಾರಿಯಾಗುತ್ತದೆ ಎಂಬ ಅಂಜಿಕೆ ಹುಟ್ಟಿದ್ದು ಸಹಜ. ಎರಡೂ ಬೆಲೆಗಳನ್ನು ಜೊತೆಜೊತೆಯಾಗಿ ನಮೂದಿಸಬೇಕೆಂದು ಸರ್ಕಾರ ಅಂಗಡಿಗಳಿಗೆ ವಿಧಿಸಿತ್ತು.

ಮಿಲ್ಡಾ ಒಂದು ಮತ್ತು ಎರಡು ಯೂರೋ ನಾಣ್ಯಗಳ ಮೇಲೆ ಬಂದು ಕುಳಿತಳು. ಎರಡು ಯೂರೋದ ಅಂಚಿನಲ್ಲಿ ‘ದೇವರೇ, ಲಾಟ್ವಿಯಾವನ್ನು ಹರಸು’ ಎಂಬ ರಾಷ್ಟ್ರಗೀತೆಯ ನುಡಿ. ‘ಜನರ ಬಾಯಿಗೆ ಬೆಲ್ಲ ಹಾಕಿ ಹಣದ ಮೇಲಿನ ಅಧಿಕಾರ ಕಸಿದರು’ ಎಂಬುದು ಇದರ ಮೇಲಿನ ಆರೋಪ. ಬೆಲ್ಲ ಹಾಕಿದ್ದು ನಿಜ, ಒಪ್ಪುತ್ತೇನೆ. ಕಸಿದದ್ದು ಯಾವಾಗ ಎಂಬಲ್ಲಿ ನನಗೆ ಭಿನ್ನಾಭಿಪ್ರಾಯವಿದೆ. 2005ರಿಂದಲೇ ಲಾಟ್ಸ್ ಅನ್ನು ಇದೇ 0.702804 ದರಕ್ಕೆ ಯೂರೋ ಜೊತೆ ಬಿಗಿದು ಕಟ್ಟಲಾಗಿತ್ತು. 2008ರಲ್ಲಿ ಪಾರೆಕ್ಸ್ ಬ್ಯಾಂಕ್ ಮುಳುಗುವ ಹಂತಕ್ಕೆ ಬಂದು ದೇಶ ಸಾಲಕ್ಕೆ ಕೈಚಾಚಿದಾಗ, ಲಾಟ್ಸ್‌ನ ಬೆಲೆ ಇಳಿಸುವ ದಾರಿಯಿತ್ತು. ಇಳಿಸಲಿಲ್ಲ. ಬದಲಿಗೆ ಸಂಬಳ ಕಡಿದರು, ಖರ್ಚು ಕಡಿದರು, ಕೆಲಸ ಹುಡುಕಿಕೊಂಡು ಜನ ಬ್ರಿಟನ್, ಐರ್ಲೆಂಡ್ ಕಡೆ ಹೊರಟರು. ಸಾಲ್ಮನ್ ಮೀನಿನ ಸ್ವಂತ ನಾಣ್ಯ ಜೇಬಿನಲ್ಲಿದ್ದಾಗಲೇ ಇದೆಲ್ಲ ನಡೆಯಿತು! ದರವನ್ನು ಬದಲಿಸುವ ಶಕ್ತಿಯನ್ನು ತಾನಾಗಿಯೇ ಬಿಟ್ಟುಕೊಟ್ಟ ನಾಣ್ಯಕ್ಕೆ 2014ರಲ್ಲಿ ಕಣ್ಣೀರು ಹಾಕಿದವರು ಒಂಬತ್ತು ವರ್ಷ ತಡಮಾಡಿದ್ದರು.

ಇನ್ನು ‘ಜರ್ಮನಿಯಲ್ಲಿ ಟಂಕಿಸಿ ತಂದ ನಾಣ್ಯ ನಮ್ಮದು ಹೇಗಾದೀತು’ ಎಂಬ ಮಾತು. 2014ರ ನಾಣ್ಯಗಳನ್ನು ಟಂಕಿಸಿದ್ದು ಬಾಡೆನ್-ವುರ್ಟೆಂಬರ್ಗ್ ರಾಜ್ಯದ ಟಂಕಸಾಲೆ, ಸರಿ. ಆದರೆ 1929ರ ಐದು ಲಾಟ್ಸ್ ಟಂಕಿಸಿದ್ದೂ ಲಂಡನ್ನಿನ ರಾಯಲ್ ಮಿಂಟ್. ಇಂಗ್ಲಿಷರ ಅಚ್ಚಿನಿಂದ ಹೊರಬಂದವಳನ್ನೇ ಅಲ್ಲಿಯ ಜನ ಅರ್ಧ ಶತಮಾನ ಬಚ್ಚಿಟ್ಟು ಕಾಪಾಡಿದ್ದು.

ಲಾಟ್ವಿಯಾದ ಕೇಂದ್ರ ಬ್ಯಾಂಕ್ ಹಳೆಯ ಲಾಟ್ಸ್ ಅನ್ನು ಗಡುವಿಲ್ಲದೆ ಯೂರೋಗೆ ಬದಲಿಸಿಕೊಡುತ್ತದೆ. ಯೂರೋ ವಲಯದ ಎಲ್ಲ ದೇಶಗಳೂ ಇಷ್ಟು ಉದಾರವಾಗಿಲ್ಲ. 1929ರದು ಸಂಗ್ರಾಹಕರ ಲೋಕದ ವಸ್ತು. ಕೊಳ್ಳುವ ಮನಸ್ಸಿದ್ದವರು ತೂಕ ಹಾಕಿ ನೋಡಿ: 25 ಗ್ರಾಂ ಇರಬೇಕು, ಅಡ್ಡಳತೆ 37 ಮಿಲಿಮೀಟರ್. ಅಂಚಿನ ಅಕ್ಷರಗಳನ್ನೂ ಓದಿ. ಎರಡು ಯೂರೋದ ಮೇಲಿರುವ ನುಡಿಯೇ ಅದರಲ್ಲೂ ಇದೆ.