ಸತ್ಯಾಂಶ: ಸಕ್ಕರೆ ಬಿಟ್ಟರೆ ಕೀಮೋ ಬೇಡವೇ?

"ದೊಡ್ಡ ಕರುಳಿನ ಕ್ಯಾನ್ಸರ್ ಆಪರೇಷನ್ ಆದ ಮೇಲೆ ಸಕ್ಕರೆ ಪೂರ್ತಿ ಬಿಡಿ, ಹಸಿ ತರಕಾರಿ ಮಾತ್ರ ತಿನ್ನಿ, ಕೀಮೋ ಬೇಕಿಲ್ಲ" ಅನ್ನೋ ಫಾರ್ವರ್ಡ್ ಮತ್ತೆ ಓಡಾಡುತ್ತಿದೆ. ದಯವಿಟ್ಟು ನಂಬಬೇಡಿ.

ಗ್ಲೂಕೋಸ್, ಅಂದರೆ ರಕ್ತದಲ್ಲಿರುವ ಸಕ್ಕರೆ, ಕ್ಯಾನ್ಸರ್ ಕಣಕ್ಕೆ ಮಾತ್ರ ಅಲ್ಲ, ಮೆದುಳಿಗೂ ಬೇಕು ಅಲ್ವಾ? ಸಿಹಿ ಮುಟ್ಟದಿದ್ದರೂ ಲಿವರ್ ಅದನ್ನು ತಯಾರಿಸುತ್ತದೆ, ಊಟ ಸಾಲದಿದ್ದರೆ ಸ್ನಾಯು ಕರಗಿಸಿಯಾದರೂ ಸರಿ. ಗಾಯ ಮಾಯುವ ಹೊತ್ತಲ್ಲಿ ಇದು ದೊಡ್ಡ ನಷ್ಟ. ಸಿಹಿ ಜಾಸ್ತಿ ತಿನ್ನಿ ಅಂತಲ್ಲ, ಸುಮ್ನೆ ಉಪವಾಸ ಬೀಳಬೇಡಿ.

ಹಸಿ ತರಕಾರಿಯದ್ದು ಇನ್ನೂ ಅಪಾಯ. ಕರುಳು ಕತ್ತರಿಸಿ ಜೋಡಿಸಿದ ಜಾಗ ಮೊದಲು ಊದಿಕೊಂಡಿರುತ್ತದೆ, ಸಿಪ್ಪೆ, ಬೀಜ, ಹಸಿ ಸೊಪ್ಪು ಅಲ್ಲಿ ಸಲೀಸಾಗಿ ಹಾದುಹೋಗದೆ ಹೊಟ್ಟೆ ಉಬ್ಬರ, ನೋವು, ಕೆಲವೊಮ್ಮೆ ಕರುಳು ಕಟ್ಟಿಕೊಳ್ಳುವುದೂ ಆಗಬಹುದು. ಅದಕ್ಕೇ ಮೊದಲ ಕೆಲವು ವಾರ ಮೆತ್ತಗೆ ಬೆಂದ ಊಟ, ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ 5-6 ಸಲ, ಜೊತೆಗೆ ಮೊಟ್ಟೆ, ಮೀನು, ಮೊಸರಿನಂಥ ಪ್ರೋಟೀನ್. ನಾರಿನಂಶ ಆಮೇಲೆ, ಒಂದೊಂದೇ ಪದಾರ್ಥವಾಗಿ.

ಕೀಮೋ ಎಲ್ಲರಿಗೂ ಬೇಕಿಲ್ಲ, ನಿಜ. 1ನೇ ಹಂತಕ್ಕೆ ಆಪರೇಷನ್ನೇ ಸಾಕು. ಆದರೆ 3ನೇ ಹಂತದಲ್ಲಿ ಸಾಮಾನ್ಯವಾಗಿ 3ರಿಂದ 6 ತಿಂಗಳು ಕೊಡುತ್ತಾರೆ, ಅದನ್ನು ಯಾವ ಜ್ಯೂಸೂ ತುಂಬಿಕೊಡಲ್ಲ. ವಾಂತಿ ಜೊತೆಗೆ ಗ್ಯಾಸೂ ಹೋಗದೆ ಹೊಟ್ಟೆ ಬಿಗಿದರೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.