ಆರಾಮಾಗಿರು ಅಂದರೆ ಆಗುತ್ತಾ?

ಕ್ಯಾಲಿಫೋರ್ನಿಯಾದ ಎರಡು ವರ್ಷದ ಕಮ್ಯುನಿಟಿ ಕಾಲೇಜಿನಿಂದ ಬರ್ಕ್ಲಿ, ಯುಸಿಎಲ್‌ಎಯಂಥ ವಿಶ್ವವಿದ್ಯಾಲಯಗಳಿಗೆ ಹೋಗಿ ಡಿಗ್ರಿ ಮುಗಿಸಲು ಟ್ರಾನ್ಸ್‌ಫರ್ ಅರ್ಜಿ ಹಾಕಿದ ಮಕ್ಕಳು ಉತ್ತರ ಬರುವವರೆಗೆ ಆರಾಮಾಗಿರಬೇಕು ಅಂತ ಬರೆದಿದ್ದೀರಿ. ನಾನು ಇದನ್ನು ಒಪ್ಪುವುದಿಲ್ಲ. ನನ್ನ ಅಕ್ಕನ ಮಗಳು ಕ್ಯುಪರ್ಟಿನೊದಲ್ಲಿ ಓದುತ್ತಾ ಹೀಗೇ ಕಾದವಳು. ಉತ್ತರ ಬರುವುದು ಏಪ್ರಿಲ್ ಕೊನೆಗೆ. ಅಲ್ಲಿವರೆಗೂ ಊಟದ ತಟ್ಟೆ ಪಕ್ಕದಲ್ಲೇ ಫೋನ್. ಬಲಗೈ ಸಾರನ್ನದಲ್ಲಿ, ಎಡಗೈ ಉತ್ತರ ಬರುವ ವೆಬ್‌ ಪೋರ್ಟಲ್ ಮೇಲೆ. ಅನ್ನ ತಣ್ಣಗಾಗಿರುತ್ತಿತ್ತು. ಪಾಪ, ಅಂಥ ಮಗುವಿಗೆ ಆರಾಮಾಗಿರು ಅಂದರೆ ಏನು ಪ್ರಯೋಜನ ಹೇಳಿ?

ಅದರ ಬದಲು ಮಾಡಬೇಕಾದ ಕೆಲಸ ತಿಳಿಸಿ. ಶರತ್ಕಾಲದ ಗ್ರೇಡುಗಳನ್ನು ಜನವರಿ ಕೊನೆಯೊಳಗೆ ಅರ್ಜಿಯಲ್ಲಿ ತುಂಬಬೇಕು. ವಸಂತದ ಕೋರ್ಸುಗಳನ್ನು ಹೇಳದೆ ಕೇಳದೆ ಬಿಟ್ಟರೆ ಸಿಕ್ಕ ಸೀಟೂ ಕೈತಪ್ಪಬಹುದು. ಕಾಯುವ ಸಂಕಟದಲ್ಲಿ ಓದು ಬಿಡುವ ಮಕ್ಕಳಿಗೆ ಇದು ಗೊತ್ತಿರಲೇಬೇಕು ಅಲ್ವಾ?

ಇನ್ನೊಂದು ಮಾತು, ಮುಂದಿನ ವರ್ಷ ಅರ್ಜಿ ಹಾಕುವವರಿಗೆ. ಡೇವಿಸ್, ಅರ್ವೈನ್, ಸಾಂತಾ ಬಾರ್ಬರಾ ಸೇರಿ ಆರು ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಕ್ಯಾಂಪಸ್‌ಗಳಲ್ಲಿ ಟ್ಯಾಗ್ ಅನ್ನುವ ಖಾತರಿ ಪ್ರವೇಶ ಇದೆ. ಅರ್ಹತೆ ಇದ್ದರೆ ಒಂದು ಕ್ಯಾಂಪಸ್‌ಗೆ ಸೆಪ್ಟೆಂಬರ್‌ನಲ್ಲೇ ಹಾಕಬೇಕು. ಬರ್ಕ್ಲಿ, ಯುಸಿಎಲ್‌ಎ, ಸ್ಯಾನ್ ಡಿಯೇಗೋ ಇದನ್ನು ಕೊಡುವುದಿಲ್ಲ. ಒಂದು ಸೀಟು ಗಟ್ಟಿ ಇದ್ದರೆ ಕಾಯುವ ಭಯ ಅರ್ಧಕ್ಕರ್ಧ ಇಳಿಯುತ್ತದೆ. ಅಪ್ಪ ಅಮ್ಮಂದಿರೇ, ದಿನಾ "ಬಂತಾ?" ಅಂತ ಕೇಳಬೇಡಿ. ಬಂದರೆ ಅವರೇ ಓಡಿಬಂದು ಹೇಳುತ್ತಾರೆ.